ದೇವರಿಗೆ ಇಡದ ಕಾಫಿ

ಅಣ್ಣ ಕಾಫಿಯ ಲೋಟವನ್ನು ಅಮ್ಮನ ಕಡೆಗೆ ತಳ್ಳಿ, "ಮೊದಲು ನೀನು ಕುಡಿ" ಅಂದ ದಿನ ನಾನು ಅಲ್ಲೇ ಇದ್ದೆ. ಆಫೀಸಿಗೆ ಹೊರಟವಳು ಬಾಗಿಲ ಬಳಿ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದೆ. ಅಮ್ಮ ಅವನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಲೋಟ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗದ ಹಾಗೆ ಎತ್ತಿ ಅರ್ಧ ಕಾಫಿಯನ್ನು ಗಂಟಲಿಗೆ ಸುರಿದುಕೊಂಡಳು. ಉಳಿದದ್ದನ್ನು ಅವನ ಮುಂದಿಟ್ಟು, "ಪೋದುಮಾ, ಸಾಕಾ? ಇನ್ನು ಕುಡಿಡಾ ಕಣ್ಣಾ" ಅಂದಳು. ಅವನು ಕುಡಿದ. ಎಷ್ಟು ಸುಲಭವಾಗಿ ಬಗೆಹರಿಯಿತಲ್ಲ ಎಂದುಕೊಂಡು ನಾನು ಮೆಟ್ಟಿಲಿಳಿದು ಹೋದೆ.

ಆ ಬೆಳಗನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಅಮ್ಮನ ಕೈ ತಡವರಿಸಿತೇ? ನನ್ನ ಕಡೆ ಒಮ್ಮೆ ನೋಡಿದಳೇ? ಪ್ರತಿ ಸಲವೂ ಹೊಸದೇನೋ ಕಂಡ ಹಾಗಾಗುತ್ತದೆ, ಅದು ನಿಜವಾಗಿ ಕಂಡದ್ದೋ ಆಮೇಲೆ ನಾನೇ ಸೇರಿಸಿದ್ದೋ ಹೇಳಲಾರೆ.

ನಮ್ಮ ಮನೆಯಲ್ಲಿ ಯಾರೂ ಲೋಟಕ್ಕೆ ತುಟಿ ಹಚ್ಚಿ ಕುಡಿಯುವುದಿಲ್ಲ. ಎಂಜಲಾಗುತ್ತದೆ. ಎತ್ತಿ ಕುಡಿದರೆ ಒಂದೇ ಲೋಟ ಎಷ್ಟು ಕೈ ದಾಟಿದರೂ ದೋಷವಿಲ್ಲ. ಚಿಕ್ಕವರಿದ್ದಾಗ ಅಣ್ಣನೂ ನಾನೂ ಒಂದೇ ಲೋಟದ ಕಾಫಿಯನ್ನು ಹೀಗೇ ಹಂಚಿಕೊಂಡು, ಮೂಗಿಗೆ ಸುರಿದುಕೊಂಡು ಕೆಮ್ಮಿ ಬೈಸಿಕೊಂಡವರು. ಬೇರೆ ಮನೆಯಾಗಿದ್ದರೆ ಅಮ್ಮನಿಗೆ ಒಂದು ಗುಟುಕು ಹೀರಿ ತೋರಿಸಿದರೆ ಸಾಕಾಗುತ್ತಿತ್ತು, ಅಥವಾ ಎಂಜಲು ಎಂದು ತಪ್ಪಿಸಿಕೊಳ್ಳಬಹುದಾಗಿತ್ತು. ನಮ್ಮಲ್ಲಿ ಎರಡಕ್ಕೂ ದಾರಿ ಇರಲಿಲ್ಲ.

ತಾತ ಮೈಸೂರು ಕಡೆಯಿಂದ ವಿಮಾ ಕಂಪನಿಯ ಗುಮಾಸ್ತನಾಗಿ ಮದರಾಸಿಗೆ ಬಂದವರು. ಅಪ್ಪ, ಚಿಕ್ಕಪ್ಪ ಇಬ್ಬರೂ ಅದೇ ಕೆಲಸ ಮಾಡಿದರು. ಅಪ್ಪ ಹೋಗಿಬಿಟ್ಟರು, ಚಿಕ್ಕಪ್ಪ ನಿವೃತ್ತರಾಗಿ ಮಾಂಬಲದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ನಾನು ಅದೇ ಕಂಪನಿಯ ನುಂಗಂಬಾಕ್ಕಂ ಆಫೀಸಿನಲ್ಲಿ, ಆಸ್ಪತ್ರೆ ಬಿಲ್ಲುಗಳ ಕ್ಲೇಮು ನೋಡುವ ವಿಭಾಗದಲ್ಲಿದ್ದೇನೆ. ಅಣ್ಣ ಒಬ್ಬನೇ ಬ್ಯಾಂಕಿಗೆ ಸೇರಿದ್ದು. ಅದಕ್ಕೇ ನನ್ನನ್ನು "ಕ್ಲೇಮ್ ಮೇಡಂ" ಎಂದು ರೇಗಿಸುತ್ತಾನೆ. ನಾನೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಅಮ್ಮನ ಜೊತೆ ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿ.

ಕಾಯಿಲೆ ಬ್ಯಾಂಕಿನಿಂದ ಶುರುವಾಯಿತು. ತನ್ನ ಮೇಜಿನ ಮೇಲಿನ ಫ್ಯಾನಿನಲ್ಲಿ ಯಾರೋ ಕ್ಯಾಮೆರಾ ಇಟ್ಟಿದ್ದಾರೆ ಅಂದ. ಬ್ಯಾಂಕಿನಲ್ಲಿ ಕ್ಯಾಮೆರಾ ಇರುವುದು ನಿಜವೇ ಆದ್ದರಿಂದ ನಾವು ನಕ್ಕೆವು. ಆಮೇಲೆ ನೀರಿನ ಕ್ಯಾನ್ ತರುವವನು ಬೇರೆ ಯಾರದೋ ಆಳು ಎಂದಾಯಿತು. ಎದುರು ಮನೆಯವರು ಬಟ್ಟೆ ಒಣಹಾಕುವ ಬಣ್ಣದ ಕ್ರಮದಲ್ಲಿ ಏನೋ ಸಂಕೇತವಿದೆ ಎಂದಾಯಿತು. ರಜೆ ಹಾಕಿ ಮನೆಯಲ್ಲಿ ಕೂತ. ಕೊನೆಗೆ ಅನುಮಾನ ನಮ್ಮ ಅಡುಗೆಮನೆಯ ಹೊಸಿಲು ದಾಟಿತು.

ಡಾಕ್ಟರನ್ನು ಹುಡುಕಿದ್ದು ನಾನು. ಮೊದಲು ಬೆಸೆಂಟ್ ನಗರದ ಒಂದು ಕ್ಲಿನಿಕ್ಕು. ಸಮುದ್ರದ ಗಾಳಿ, ಮೀನಿನ ತೊಟ್ಟಿ, ಮೆಲ್ಲನೆ ಇಂಗ್ಲಿಷ್ ಮಾತಾಡುವ ಹುಡುಗಿ. ಹಣ ಮೊದಲೇ ಕಟ್ಟಿಸಿಕೊಂಡರು. ಅಣ್ಣ ಒಳಗೆ ಹೋದವನು ತಕ್ಷಣ ಎದ್ದು ಬಂದು, "ಆ ಕನ್ನಡಿ ಹಿಂದೆ ಯಾರನ್ನ ಕೂಡಿಸಿದಾರೆ ಅಂತ ಕೇಳು" ಅಂದ. ರಸೀದಿ ನೋಡಿದರೆ ಅದರಲ್ಲಿ ಕಾಯಿಲೆಯ ಮಾತೇ ಇಲ್ಲ. ‘ವೆಲ್‌ನೆಸ್ ಸಲಹೆ’ ಎಂದಿದೆ. ಯಾಕೆ ಎಂದು ಕೇಳಿದೆ. ಹುಡುಗಿ ದನಿ ಇಳಿಸಿ, "ನಿಮ್ಮ ಒಳ್ಳೇದಕ್ಕೇ ಮೇಡಂ. ಎಲ್ಲರೂ ಹೀಗೇ ಕೇಳ್ತಾರೆ" ಅಂದಳು. ಯಾರ ಒಳ್ಳೆಯದಕ್ಕೆ ಯಾರು ಏನು ಬರೆಯುತ್ತಾರೆ ಎಂಬುದನ್ನೇ ದಿನವಿಡೀ ನೋಡುವವಳು ನಾನು. ಆ ಮೆಲುದನಿಯ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ.

ಮನೋರೋಗಿಗಳನ್ನು ಇಟ್ಟುಕೊಳ್ಳುವ ಊರಾಚೆಯ ಒಂದು ‘ಹೋಮ್’ನಿಂದ ಫೋನು ಬಂತು. ನಂಬರು ಅವರಿಗೆ ಯಾರು ಕೊಟ್ಟರೋ. "ಅಡ್ವಾನ್ಸ್ ಹಾಕ್ಬಿಡಿ ಮೇಡಂ, ವ್ಯಾನ್ ಕಳಿಸ್ತೀವಿ. ನಮ್ಮ ಹುಡುಗ್ರೇ ಬಂದು ಎತ್ಕೊಂಡ್ ಹೋಗ್ತಾರೆ. ನೀವು ಬಾಗ್ಲು ತೆಗೆದ್ರೆ ಸಾಕು" ಎಂದು ಒಂದು ಗಂಡು ದನಿ ಬೆಂಗಳೂರು ಕನ್ನಡದಲ್ಲಿ ಹೇಳಿತು. ನಾನು ಕನ್ನಡದವಳೆಂದು ಅವನಿಗೆ ಹೇಗೆ ಗೊತ್ತು? ಫೋನಿಟ್ಟೆ. ಆಮೇಲೆ ಎಷ್ಟೋ ದಿನ ಬೀದಿಯಲ್ಲಿ ಬಿಳಿ ವ್ಯಾನು ನಿಂತರೆ ಬಾಲ್ಕನಿಗೆ ಹೋಗಿ ಅದರ ನಂಬರು ನೋಡುತ್ತಿದ್ದೆ. ಅಣ್ಣನೂ ನೋಡುತ್ತಿದ್ದ. ಇಬ್ಬರೂ ಅಕ್ಕಪಕ್ಕ ನಿಂತು ಒಂದೇ ವ್ಯಾನನ್ನು ನೋಡುತ್ತಿದ್ದೆವು, ಕಾಯಿಲೆಯವನು ಅವನೊಬ್ಬನೇ.

ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಹಣದ ತಾಪತ್ರಯವಿಲ್ಲ. ಆದರೆ ಈ ಊರಿನಲ್ಲಿ ಅದಿರುವ ಬಡಾವಣೆಯ ಹೆಸರೇ ಬೈಗುಳ. ಹುಡುಗರು ಜಗಳವಾಡುವಾಗ ‘ನೀನು ಅಲ್ಲಿಗೆ ಹೋಗು’ ಅಂದರೆ ಸಾಕು. ಅಮ್ಮ ಆ ಹೆಸರು ಕೇಳಿದ್ದೇ ಕಿವಿ ಮುಚ್ಚಿಕೊಂಡಳು. "ಅಸಿಂಗಂ ಆಗತ್ತೆಡೀ, ಮಾನ ಹೋಗತ್ತೆ. ಬೇಡವೇ ಬೇಡ."

ಉಳಿದದ್ದು ಅಣ್ಣನ ಬ್ಯಾಂಕಿನ ವಿಮೆ. ಅದು ನಮ್ಮ ಕಂಪನಿಯದೇ. ಮನಸ್ಸಿನ ಕಾಯಿಲೆಯನ್ನೂ ಮೈಯ ಕಾಯಿಲೆಯ ಹಾಗೇ ನೋಡಬೇಕೆಂದು ಕಾನೂನು ಬಂದು ವರ್ಷಗಳಾದವು. ಸುತ್ತೋಲೆ ನನ್ನ ಮೇಜಿನ ಗಾಜಿನ ಕೆಳಗೇ ಇದೆ. ಒಳ್ಳೆಯ ಆಸ್ಪತ್ರೆಗೆ ದಾಖಲು ಮಾಡಿ, ಕ್ಲೇಮು ಹಾಕೋಣ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

"ನೀನೂ ವಿಮೆಯವರ ಮನೇಲೇ ಹುಟ್ಟಿದ್ದಾ? ಕಾಗದ ಒಂದ್ಸಲ ಹುಟ್ಟಿದ್ರೆ ಸಾಯಲ್ಲಡೀ. ಮನುಷ್ಯ ಸಾಯ್ತಾನೆ, ಕಾಗದ ಸಾಯಲ್ಲ."

"ಚಿಕ್ಕಪ್ಪ, ಈಗ ಕಾನೂನಿದೆ."

"ಕಾನೂನಿದೆ, ಶರಿ. ನಿನ್ನ ಪಕ್ಕದ ಮೇಜಿನವಳ ಬಾಯಿಗೆ ಕಾನೂನಿದೆಯಾ? ಫೈಲು ಅವಳ ಹತ್ರ ತಾನೇ ಹೋಗೋದು? ಸಾಯಂಕಾಲದೊಳಗೆ ಬ್ಯಾಂಕಿಗೆ ಗೊತ್ತಾಗತ್ತೆ. ಅಪ್ಪುರಂ ಅವನ್ನ ಕ್ಯಾಶ್ ಕೌಂಟರಲ್ಲಿ ಕೂಡಿಸ್ತಾರಾ?"

ಪಕ್ಕದ ಮೇಜಿನವಳು ಅಂಥ ಫೈಲು ಬಂದಾಗ ಅದನ್ನು ಎತ್ತಿ ಹಿಡಿದು, "ಇನ್ನೊರು ಲೂಸು ಕೇಸು, ಯಾರಿಗೆ ಬೇಕು?" ಎಂದು ಹರಾಜು ಕೂಗುವುದನ್ನು ನಾನೇ ಕೇಳಿದ್ದೆ. ಚಿಕ್ಕಪ್ಪ ಎದ್ದು ಹೋಗುವಾಗ, "ನನಗೆ ಬಿಡು. ಮಠದಿಂದ ಮಂತ್ರಾಕ್ಷತೆ ತರಿಸ್ತೀನಿ" ಅಂದರು.

ಮಂತ್ರಾಕ್ಷತೆ ಬಂತು. ಆಶ್ಚರ್ಯವೆಂದರೆ ಅಣ್ಣ ಸುಧಾರಿಸತೊಡಗಿದ. ಎದುರು ಮನೆಯ ಬಟ್ಟೆ ನೋಡುವುದನ್ನು ಬಿಟ್ಟ. ಮಧ್ಯಾಹ್ನ ನಿದ್ದೆ ಮಾಡಿದ. ಮಾತು ಸ್ವಲ್ಪ ನಿಧಾನವಾಯಿತು, ಬಾಯಿಯ ತುದಿಯಲ್ಲಿ ಜೊಲ್ಲು ನಿಲ್ಲುತ್ತಿತ್ತು. ಚಿಕ್ಕಪ್ಪ ನನ್ನನ್ನು ನೋಡಿ ಹುಬ್ಬು ಹಾರಿಸಿ, "ಪಾರ್ತಿಯಾ, ನೋಡಿದ್ಯಾ? ಬಿಲ್ಲೂ ಇಲ್ಲ, ಫೈಲೂ ಇಲ್ಲ" ಅಂದರು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಅಕ್ಷತೆಯಿಂದ ಜೊಲ್ಲು ಬರುತ್ತದೆಯೇ ಎಂಬ ಪ್ರಶ್ನೆ ಬಾಯ ತನಕ ಬಂದು ಹಿಂದಕ್ಕೆ ಹೋಯಿತು. ಮನೆ ಶಾಂತವಾಗಿತ್ತು. ಆದರೂ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತಿದ್ದವು. ಚಿಕ್ಕಪ್ಪ ಆಗಾಗ ತಿರುವೊಟ್ಟಿಯೂರಿಗೆ ಹೋಗಿ ಬರುತ್ತಿದ್ದರು. ದೇವಸ್ಥಾನಕ್ಕೆ ಎನ್ನುತ್ತಿದ್ದರು, ನಮ್ಮ ವೈಷ್ಣವರ ಮನೆಯಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಅಲ್ಲಿನ ಶಿವನ ಮೇಲೆ ಭಕ್ತಿ ಬಂದದ್ದು ಯಾವಾಗ? ಅಮ್ಮ ಕಾಫಿ ಬೆರೆಸುವಾಗ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲತೊಡಗಿದ್ದಳು. ನಾನು ಒಳಗೆ ಹೋದರೆ, "ಮಡೀಲಿದೀನಿ, ದೂರ ಇರು" ಅನ್ನುತ್ತಿದ್ದಳು. ಕಾಫಿಗೆ ಎಂಥ ಮಡಿ?

ಅಣ್ಣನ ಅನುಮಾನ ಪೂರ್ತಿ ಹೋಗಿರಲಿಲ್ಲ. "ಕಾಫಿ ಕಹಿ" ಎಂದು ಒಂದು ದಿನ ಹೇಳಿದ. ಚಿಕೋರಿ ಜಾಸ್ತಿಯಾಯಿತು ಎಂದಳು ಅಮ್ಮ. ಅದರ ಮಾರನೆಯ ಬೆಳಗ್ಗೆಯೇ ಅವನು ಲೋಟ ತಳ್ಳಿದ್ದು, ಅವಳು ಎತ್ತಿ ಕುಡಿದದ್ದು. ಅಲ್ಲಿಂದ ಅದೇ ಪದ್ಧತಿಯಾಯಿತು. ದಿನಾ ಬೆಳಗ್ಗೆ ಅರ್ಧ ಅವಳಿಗೆ, ಅರ್ಧ ಅವನಿಗೆ. ಬೇರೆ ಲೋಟ ಮಾಡಿದರೆ ಒಪ್ಪುತ್ತಿರಲಿಲ್ಲ. ನೋಡುವವರಿಗೆ ತಾಯಿ ಮಗ ಕಾಫಿ ಹಂಚಿಕೊಳ್ಳುವುದು ಎಷ್ಟು ಚಂದ. ಮನೆಕೆಲಸದಾಕೆ, "ಇಂದ ವಯಸಿಲೂ ಅಮ್ಮಾ ಪಿಳ್ಳೈ" ಎಂದು ಈ ವಯಸ್ಸಲ್ಲೂ ಅಮ್ಮನ ಕೂಸಾದ ಅವನನ್ನು ನೋಡಿ ನಗುತ್ತಿದ್ದಳು.

ಮುಂದಿನ ವಾರಗಳಲ್ಲಿ ಬದಲಾದದ್ದು ಅಮ್ಮ. ರಂಗೋಲಿಯ ಗೆರೆ ನಡುಗಿತು. ಕೈ ಬೀಸದೆ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ನಡೆಯತೊಡಗಿದಳು. ಮುಖದ ಮೇಲೆ ನಗು, ಸಿಟ್ಟು ಯಾವುದೂ ಏಳುತ್ತಿರಲಿಲ್ಲ, ಇಸ್ತ್ರಿ ಮಾಡಿದ ಹಾಗಿರುತ್ತಿತ್ತು. ಕೂತಲ್ಲಿ ಒಂದು ಕಾಲು ತಾನಾಗಿ ತಾಳ ಹಾಕುತ್ತಿತ್ತು. ಬೀದಿಯ ಡಾಕ್ಟರು ವಯಸ್ಸು ಅಂದರು, ಸೋಡಿಯಂ ಅಂದರು, ವಿಟಮಿನ್ ಬರೆದುಕೊಟ್ಟರು. ಬಿಲ್ಲು ಕೊಟ್ಟರು, ನಾನು ಜೋಪಾನವಾಗಿ ಇಟ್ಟೆ. ಅಮ್ಮನಿಗೆ ನಡುಕದ ರೋಗ ಬಂತೇನೋ ಎಂದು ನಾನೊಬ್ಬಳೇ ಹೆದರುತ್ತಿದ್ದೆ. ಅಣ್ಣ ಅವಳನ್ನು ದಿಟ್ಟಿಸುತ್ತಿದ್ದ. ಅವನ ಆ ನೋಟದ ಮೇಲೂ ನನಗೆ ಅನುಮಾನವೇ. ಇವನೇ ಅವಳಿಗೇನಾದರೂ ಮಾಡುತ್ತಿದ್ದಾನೆಯೇ? ಹೌದು, ಹಾಗೂ ಯೋಚಿಸಿದೆ.

ಒಂದು ಭಾನುವಾರ ಕಾಫಿ ಆಗಿ ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕತ್ತು ಒಂದು ಬದಿಗೆ ತಿರುಚಿ ಹಿಂದಕ್ಕೆ ಎಳೆದುಕೊಂಡಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಬಿದ್ದಿತ್ತು. ಹಲ್ಲು ಕಚ್ಚಿಕೊಂಡು ದವಡೆ ಬಿಗಿದಿತ್ತು. ಏನೋ ಹೇಳಲು ಹೊರಟರೆ ಗಂಟಲಿನಿಂದ ಗೊರಗೊರ ಎಂಬ ದನಿ ಮಾತ್ರ. ಅತ್ಯಂತ ಭಯವಾದದ್ದು ಯಾವುದಕ್ಕೆ ಅಂದರೆ ಅವಳಿಗೆ ಪೂರ್ತಿ ಪ್ರಜ್ಞೆ ಇತ್ತು. ನನ್ನ ಕೈ ಹಿಡಿದದ್ದು ಉಗುರು ಊರುವಷ್ಟು ಬಲವಾಗಿ.

ಅಣ್ಣ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಆಟೋದಲ್ಲಿ ಮೇನ್ ರೋಡಿನ ಆಸ್ಪತ್ರೆಗೆ ಹೋದೆವು. ಚಿಕ್ಕಪ್ಪ ಸ್ಕೂಟರಿನಲ್ಲಿ ಹಿಂದೆಯೇ ಬಂದರು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಗಡ್ಡ ಬಿಟ್ಟ ಎಳೆಯ ಡಾಕ್ಟರೊಬ್ಬ ಅವಳ ಕತ್ತು, ಕಣ್ಣು, ಕೈ ಮಡಿಸಿ ನೋಡಿ, "ಎನ್ನ ಮಾತ್ರೆ ಸಾಪ್ಪಿಡ್ರಾಂಗ?" ಎಂದು ಕೇಳಿದ. ಬೀಪಿ ಮಾತ್ರೆ, ವಿಟಮಿನ್ ಅಂದೆ. ಮನಸ್ಸಿಗೆ, ನಿದ್ದೆಗೆ, ವಾಂತಿಗೆ ಏನಾದರೂ ಎಂದು ಬಿಡಿಸಿ ಕೇಳಿದ. ಇಲ್ಲ ಅಂದೆ. ಆತ ಒಪ್ಪಲಿಲ್ಲ. ಇದು ಔಷಧಿಯಿಂದ ಆಗುವ ಹಾಗಿದೆ, ಹಾಗಾದರೆ ಒಂದು ಇಂಜೆಕ್ಷನ್ನಿಗೆ ಬಿಡುತ್ತದೆ. ಅಲ್ಲ ಅನ್ನುವುದಾದರೆ ಮೆದುಳಿನ ಸ್ಕ್ಯಾನ್ ಆಗಬೇಕು, ಧನುರ್ವಾಯುವೋ ನೋಡಬೇಕು. ಉಸಿರಿನ ದಾರಿ ಬಿಗಿಯಾಗುತ್ತಿದೆ, ಸುಮ್ಮನೆ ಹೊತ್ತು ಕಳೆಯಬೇಡಿ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿ ಅಂದ.

"ಕಾಫೀಲಿದೆ" ಅಂದ ಅಣ್ಣ.

ಚಿಕ್ಕಪ್ಪ ಮುಂದೆ ಬಂದರು. "ಡಾಕ್ಟರ್, ಇವನ್ ಪೇಷಂಟ್. ಇವನ್ ಪೇಚ್ಚ ಕೇಕ್ಕಾದೀಂಗ" ಅಂದರು. ಇವನೇ ರೋಗಿ, ಇವನ ಮಾತು ಕೇಳಬೇಡಿ. ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಡಬಾರದು ಅನ್ನುತ್ತಿದ್ದ ಮಾತನ್ನು ಗುರುತಿಲ್ಲದ ಹುಡುಗನ ಮುಂದೆ ಅಷ್ಟು ಬೇಗ ಹೇಳಿಬಿಟ್ಟರು. ಡಾಕ್ಟರ ಕಣ್ಣು ಅಣ್ಣನ ಮೇಲಿಂದ ಜಾರಿ ನನ್ನ ಮೇಲೆ ನಿಂತಿತು.

ಅಣ್ಣ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

"ಕ್ಲೇಮ್ ಮೇಡಂ, ಯೋಚನೆ ಮಾಡು. ಅನ್ನ ದೇವರಿಗೆ ಇಡ್ತಾಳೆ. ಸಾರು ಇಡ್ತಾಳೆ. ಹಾಲು, ಮೊಸರು, ಬಾಳೆಹಣ್ಣು, ಎಲ್ಲಾ ಇಡ್ತಾಳೆ. ದೇವರಿಗೆ ಇಡದೆ ಇರೋದು ನಮ್ಮನೇಲಿ ಕಾಫಿ ಒಂದೇ. ಅವಳು ನನಗೆ ಮೋಸ ಮಾಡ್ತಾಳೆ, ದೇವರಿಗೆ ಮಾಡಲ್ಲ. ಹಾಕೋದಾದ್ರೆ ಅದರಲ್ಲೇ ಹಾಕ್ಬೇಕು."

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಹುಚ್ಚನ ತರ್ಕ ಎಂದುಕೊಳ್ಳುತ್ತಿದ್ದನೇನೋ. ನನಗೆ ಮಾತ್ರ ಅರ್ಥವಾಯಿತು. ನಮ್ಮ ಮನೆಯಲ್ಲಿ ತುಳಸಿ ಬೀಳದೆ, ನೈವೇದ್ಯವಾಗದೆ ಒಂದು ತುತ್ತೂ ತಟ್ಟೆಗೆ ಬರುವುದಿಲ್ಲ. ಎಲ್ಲಿಯದೋ ಔಷಧಿಯನ್ನು ಅಂಥ ಅನ್ನಕ್ಕೆ ಅಮ್ಮ ಸತ್ತರೂ ಬೆರೆಸಳು. ಚಿಕ್ಕಪ್ಪನ ಮುಖ ನೋಡಿದೆ. ಅವರು ಗೋಡೆಯ ಮೇಲಿನ ದರಪಟ್ಟಿಯನ್ನು ಓದುತ್ತಿದ್ದರು.

"ಚಿಕ್ಕಪ್ಪ, ಇದೆಯಾ ಇಲ್ಲವಾ?"

"ಇಲ್ಲಿ ಬೇಡ, ಹೊರಗೆ ಬಾ."

"ಅಮ್ಮನಿಗೆ ಉಸಿರು ಕಟ್ತಿದೆ. ಇದೆಯಾ ಇಲ್ಲವಾ?"

"ಕಾಗದದಲ್ಲಿ ಬರೀತಾರೆಡೀ ಇವರು..."

ನಾನು ಅಮ್ಮನ ಕಡೆಗೆ ಬಾಗಿ, ಕಾಫಿಯಲ್ಲಿ ಏನಾದರೂ ಹಾಕಿದ್ದರೆ ನನ್ನ ಕೈ ಒತ್ತು ಅಂದೆ. ಅವಳು ಒತ್ತಿದಳು. ಡಾಕ್ಟರಿಗೆ ತಮಿಳಿನಲ್ಲಿ ಹೇಳಿದೆ: ಮನಸ್ಸಿನ ಕಾಯಿಲೆಯ ಮದ್ದು, ಮಗನಿಗೆ ಕೊಟ್ಟದ್ದು, ಅಮ್ಮ ಕುಡಿದಿದ್ದಾಳೆ. ಆತ ತಕ್ಷಣ ನರ್ಸಿನ ಕಡೆ ಕೈ ಚಾಚಿದ. ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಿಗೆ, ಗಂಟು ಬಿಚ್ಚಿದ ಹಗ್ಗದ ಹಾಗೆ ಅವಳ ಕತ್ತು ಸಡಿಲವಾಗಿ ದಿಂಬಿನ ಮೇಲೆ ಬಿತ್ತು. ದವಡೆ ಬಿಟ್ಟಿತು. ಮೊದಲು ಹೊರಟ ಮಾತು, "ಅವನು ತಿಂಡಿ ತಿಂದಿಲ್ಲ."

ಹೊರಗೆ ಕಾರಿಡಾರಿನಲ್ಲಿ ಚಿಕ್ಕಪ್ಪ ಎಲ್ಲವನ್ನೂ ಹೇಳಿದರು. ತಿರುವೊಟ್ಟಿಯೂರಿನಲ್ಲಿ ಒಬ್ಬನಿದ್ದಾನೆ, ರೋಗಿಯನ್ನು ನೋಡುವುದಿಲ್ಲ, ಲಕ್ಷಣ ಕೇಳಿ ಹನಿ ಕೊಡುತ್ತಾನೆ, ನಗದು ಮಾತ್ರ, ಚೀಟಿ ಇಲ್ಲ. ಅಣ್ಣ ಲೋಟ ತಳ್ಳಿದ ದಿನ ಅಮ್ಮ ಫೋನ್ ಮಾಡಿ, ಅರ್ಧ ತನಗೇ ಹೋಯಿತು, ಅವನಿಗೆ ಅರ್ಧವೇ ಸಿಕ್ಕಿತಲ್ಲ ಏನು ಮಾಡಲಿ ಅಂದಳಂತೆ.

"ಏನು ಹೇಳಿದ್ರಿ?"

"ಹಾಗಾದ್ರೆ ಎರಡರಷ್ಟು ಹಾಕು ಅಂದೆ. ಅವನ ಪಾಲಿಗೆ ಸರಿಯಾಗತ್ತೆ ಅಂತ." ಒಳ್ಳೆಯ ವಿಮಾ ನೌಕರನ ಲೆಕ್ಕ. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮಪ್ಪ ಇಲ್ಲದ ಮನೆ, ನಾನು ಕಾಪಾಡ್ಬೇಕಲ್ಲವಾ? ನೀನೇ ಹೇಳು, ಅವನು ಸರಿಯಾಗಿದ್ನೋ ಇಲ್ಲವೋ?"

ಸರಿಯಾಗಿದ್ದ. ಅದೇ ನನಗೆ ಈಗಲೂ ನುಂಗಲಾಗದ ಮಾತು.

ಅಣ್ಣ ಕಾರಿಡಾರಿನ ಇನ್ನೊಂದು ತುದಿಯಲ್ಲಿ ನಿಂತಿದ್ದ. ಹತ್ತಿರ ಹೋಗಿ, ಕಾಫಿಯಲ್ಲೇ ಇದೆಯೆಂದು ಗೊತ್ತಿದ್ದರೆ ಯಾಕೆ ಕುಡಿಯುತ್ತಿದ್ದೆ ಎಂದು ಕೇಳಿದೆ.

"ಅವಳು ಕುಡಿದ್ಲಲ್ಲ" ಅಂದ. "ಏನಾದ್ರೂ ಇದ್ದಿದ್ರೆ ಅವಳು ಕುಡೀತಿರ್ಲಿಲ್ಲ ಅಂದ್ಕೊಂಡೆ. ಇದ್ರೂ ಕುಡೀತಾಳೆ ಅಂತ ನಂಗೇನು ಗೊತ್ತು?"

ಮಾರನೆಯ ದಿನ ಅಮ್ಮನನ್ನು ನೋಡಲು ಆ ಆಸ್ಪತ್ರೆಯ ಮನೋವೈದ್ಯೆ ಬಂದರು. ನಡುವಯಸ್ಸಿನ ಹೆಂಗಸು, ಹತ್ತಿ ಸೀರೆ, ಕೈಯಲ್ಲಿ ಪೆನ್ನು. ಎಲ್ಲ ಕೇಳಿ ಅಣ್ಣನ ಕಡೆ ತಿರುಗಿ, "ನೀಂಗ ಸೊನ್ನದು ಸರಿ" ಅಂದರು. ನೀವು ಹೇಳಿದ್ದು ಸರಿ, ಕಾಫಿಯಲ್ಲಿ ಔಷಧಿ ಇತ್ತು, ವಿಷವಲ್ಲ, ಆದರೆ ನಿಮಗೆ ಹೇಳದೆ ಹಾಕಬಾರದಾಗಿತ್ತು. ನನಗೆ ಅವರ ಬಾಯಿ ಮುಚ್ಚಬೇಕೆನ್ನಿಸಿತು. ಇದೊಂದು ನಿಜವಾದರೆ ಫ್ಯಾನಿನ ಕ್ಯಾಮೆರಾವೂ ನಿಜ, ಎದುರು ಮನೆಯ ಬಟ್ಟೆಯೂ ನಿಜ ಎಂದು ಇವನು ಶುರುಮಾಡಿದರೆ? ಇನ್ನು ಯಾರ ಕೈಯ ಮಾತ್ರೆಯನ್ನು ಇವನು ನಂಬುತ್ತಾನೆ?

ಅವನು ಕೇಳಿದ್ದು ಬೇರೆಯೇ. "ಬಿಲ್ ಕೊಡ್ತೀರಾ?"

"ಕೊಡ್ತೀವಿ."

"ರೋಗದ ಹೆಸರು ಬರೀತೀರಾ? ಔಷಧಿ ಹೆಸರು? ಡೋಸು?"

"ಎಲ್ಲಾ ಬರೀತೀನಿ."

"ನನ್ನ ಕೈಗೇ ಕೊಡ್ಬೇಕು. ಇವರ ಕೈಗಲ್ಲ."

ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಬೇಡಡಾ ರಾಜಾ, ಬರೆಸ್ಕೋಬೇಡ" ಎಂದು ಹೆಚ್ಚು ಕಡಿಮೆ ಬೇಡಿಕೊಂಡರು. ಅಣ್ಣ ತಾನೇ ಸಹಿ ಹಾಕಿ ಕೆಲವು ದಿನ ಅಲ್ಲೇ ದಾಖಲಾದ. ಮನೆಯ ಊಟ ಮುಟ್ಟಲಿಲ್ಲ. ಸಿಪ್ಪೆ ಇರುವ ಬಾಳೆಹಣ್ಣು, ಕಣ್ಣೆದುರು ಕೊಚ್ಚಿಸಿದ ಎಳನೀರು, ತಾನೇ ಒಡೆದ ಬಿಸ್ಕತ್ತಿನ ಪೊಟ್ಟಣ. ಮಾತ್ರೆಯನ್ನು ಮಾತ್ರ ಹಾಳೆ ಹರಿದು, ಅದರ ಹೆಸರು ಓದಿ, ತಾನೇ ಬಾಯಿಗೆ ಹಾಕಿಕೊಂಡ. ಅಮ್ಮ ಪಕ್ಕದಲ್ಲಿ ಕೂತು ಅವನ ಗಂಟಲು ಏರಿಳಿಯುವುದನ್ನು ನೋಡುತ್ತಿದ್ದಳು. ನಾನು ಅಮ್ಮನನ್ನು ನೋಡುತ್ತಿದ್ದೆ.

ಕ್ಲೇಮು ಹಾಕಿದೆ. ಫೈಲು ಪಕ್ಕದ ಮೇಜಿಗೇ ಬಂತು. ಅವಳು ಹರಾಜು ಕೂಗಲಿಲ್ಲ. ಮನೆಯ ವಿಳಾಸ ನೋಡಿ, "ಉಂಗ ಅಣ್ಣನಾ?" ಎಂದು ಕೇಳಿದಳು. ಹೌದು ಅಂದೆ. ಆಮೇಲೆ ಆ ವಿಭಾಗದಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತೋ, ನಾನು ಹಾಗೆ ಅಂದುಕೊಂಡೆನೋ. ಹಣ ಬರುವ ಬದಲು ಅಣ್ಣನ ಹೆಸರಿಗೆ ಒಂದು ಪ್ರಶ್ನೆ ಬಂತು: ಈ ಕಾಯಿಲೆ ಮೊದಲು ಶುರುವಾದದ್ದು ಯಾವಾಗ, ಮುಂಚೆ ಎಲ್ಲಿ ಚಿಕಿತ್ಸೆ ಪಡೆದಿರಿ? ಎಲ್ಲರಿಗೂ ಹೋಗುವ ಮಾಮೂಲಿ ಪ್ರಶ್ನೆ. ನಾನೇ ಎಷ್ಟೋ ಜನಕ್ಕೆ ಕಳಿಸಿದ್ದೇನೆ. ಅಣ್ಣ ಅದನ್ನು ಓದಿ ಮಡಿಸಿಟ್ಟು, "ನೋಡು, ನನ್ನ ಮೇಲೆ ಫೈಲ್ ಓಪನ್ ಮಾಡಿದಾರೆ. ನಿಮ್ಮ ಆಫೀಸಿನವರೇ" ಅಂದ. ಇಲ್ಲ ಅನ್ನಲು ಹೇಗೆ ಸಾಧ್ಯ? ಮಾಡಿದ್ದರು.

ಮಾತ್ರೆ ನಿಲ್ಲಿಸಿದ. ಬಾಲ್ಕನಿಯಲ್ಲಿ ನಿಲ್ಲುವುದು ಮತ್ತೆ ಶುರುವಾಯಿತು. ಡಾಕ್ಟರ ಹತ್ತಿರ ಹೋಗುವ ದಿನ ತಪ್ಪಿಸಿದ. ಆಸ್ಪತ್ರೆಯ ಬಾಕಿಯನ್ನೂ ಮಾತ್ರೆಯ ಹಣವನ್ನೂ ನನ್ನ ಸಂಬಳದಿಂದ ಕಟ್ಟಿದ್ದೆ. ತಂದ ಮಾತ್ರೆ ಡಬ್ಬಿಯಲ್ಲಿ ಹಾಗೇ ಕೂತಿತ್ತು. ಅಮ್ಮ ಚೇತರಿಸಿಕೊಂಡಿದ್ದಳು, ಕೈ ನಡುಗುತ್ತಿರಲಿಲ್ಲ. ಒಂದು ಸಂಜೆ ತರಕಾರಿ ಹೆಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಚಿಕ್ಕಪ್ಪ ಫೋನ್ ಮಾಡಿದ್ದ. ಇನ್ನೂ ಸ್ವಲ್ಪ ಇದೆಯಂತೆ."

"ಏನು ಸ್ವಲ್ಪ ಇದೆ?"

"ನಿಮ್ಮಣ್ಣ ಈಗ ಮಾರ್ಕೆಟ್ಟಿಂದ ಬಾಟಲಿ ಜೂಸ್ ತರ್ತಾನಲ್ಲ. ಅದೂ ದೇವರಿಗೆ ಇಡೋದಲ್ಲ." ಚಾಕು ನಿಲ್ಲಿಸಿದಳು. "ಸುಮ್ಮನೆ ಹೇಳ್ದೆ. ಹಾಗೆ ನೋಡ್ಬೇಡ. ಅವನು ಬಾಲ್ಕನಿಯಿಂದ ಬಿದ್ರೆ ಯಾರ್ಡೀ ಹೊಣೆ? ಪಾವಂಡೀ ಅವನು, ಪಾಪ."

ನನಗೆ ಸಿಟ್ಟು ಬರಬೇಕಿತ್ತು. ಬದಲು, ಮುಚ್ಚಳದ ಸೀಲು ಹೋಗದ ಹಾಗೆ ಅದನ್ನು ಹೇಗೆ ಮಾಡಬಹುದೆಂದು ತಲೆ ತಾನಾಗಿ ಲೆಕ್ಕ ಹಾಕತೊಡಗಿತ್ತು. ಅವನು ಶಾಂತವಾಗಿ ನಿದ್ದೆ ಮಾಡಿದ ಮಧ್ಯಾಹ್ನಗಳು ಕಣ್ಣೆದುರು ಬಂದವು. ಅಡುಗೆಮನೆಯಿಂದ ಎದ್ದು ಬಾಲ್ಕನಿಗೆ ಹೋದೆ. ಅವನು ಕಟ್ಟೆ ಹಿಡಿದು ನಿಂತಿದ್ದ. ಕೆಳಗೆ ಯಾರದೋ ವ್ಯಾನು ಹಿಂದಕ್ಕೆ ಬರುತ್ತಾ ಪೀಪೀ ಎನ್ನುತ್ತಿತ್ತು.

ಈ ಮಾತು ಹೇಳಿದರೆ ಅಮ್ಮನ ಮುಖವನ್ನೇ ಅವನು ಇನ್ನು ನೋಡದಿರಬಹುದು. ಹೇಳದಿದ್ದರೆ ಇನ್ನೊಮ್ಮೆ ಅದೇ ಆಗುತ್ತದೆ, ಈ ಸಲ ನನಗೂ ಗೊತ್ತಿದ್ದು ಆಗುತ್ತದೆ.

"ಅಮ್ಮ ಮತ್ತೆ ಹಾಕೋ ಯೋಚನೆ ಮಾಡ್ತಿದಾಳೆ" ಅಂದೆ. "ಜೂಸಲ್ಲಿ. ಇನ್ನೂ ಹಾಕಿಲ್ಲ."

ಅವನು ತಿರುಗಲಿಲ್ಲ. ವ್ಯಾನು ನಿಂತಿತು. ಡ್ರೈವರು ಇಳಿದು ಹಿಂದಿನ ಬಾಗಿಲು ತೆಗೆದು ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸತೊಡಗಿದ, ಯಾರ ಮನೆಯಲ್ಲೋ ಸಮಾರಂಭವಿರಬೇಕು. ಅಡುಗೆಮನೆಯಲ್ಲಿ ಮತ್ತೆ ಶುರುವಾಗಿದ್ದ ಚಾಕುವಿನ ಸದ್ದು ನಿಂತದ್ದು ಕೇಳಿಸಿತು, ಅಮ್ಮನಿಗೂ ನನ್ನ ಮಾತು ಕೇಳಿಸಿತ್ತು.

"ನಿಂಗೆ ಯಾರು ಹೇಳಿದ್ದು?"

"ಅವಳೇ."

"ನನಗೆ ಯಾಕೆ ಹೇಳ್ತಿದೀಯ? ನೀನೂ ಅವರ ಕಡೆ ತಾನೇ?"

"ಗೊತ್ತಿಲ್ಲ" ಅಂದೆ. ಅದು ನಿಜವಾಗಿತ್ತು. "ಆದ್ರೆ ಹೇಳದೆ ಹಾಕೋದು ಬೇಡ. ಹಾಕಿದ್ರೆ ನಿಂಗೆ ಹೇಳ್ತೀನಿ. ಪ್ರತಿ ಸಲ ಹೇಳ್ತೀನಿ."

ಅವನು ಕಟ್ಟೆಯಿಂದ ಕೈ ತೆಗೆದ. ಆಮೇಲೆ, "ಆ ಡಾಕ್ಟ್ರಮ್ಮ ನಾಳೆ ಇರ್ತಾರಾ?" ಎಂದು ಕೇಳಿದ.

"ಫೋನ್ ಮಾಡಿ ಕೇಳ್ತೀನಿ."

"ನನ್ನೆದುರಿಗೆ ಮಾಡು. ಸ್ಪೀಕರ್ ಹಾಕು." ಒಳಗೆ ಹೋಗುತ್ತಾ ಹೊಸಿಲಲ್ಲಿ ನಿಂತು ಸೇರಿಸಿದ, "ಚಿಕ್ಕಪ್ಪ ಬರಕೂಡದು. ಅಮ್ಮ ಬೇಕಾದ್ರೆ ಬರಲಿ, ಆದ್ರೆ ಬ್ಯಾಗ್ ತರಕೂಡದು."

ಮಾರನೆಯ ದಿನ ಮೂವರೂ ಆಟೋ ಹತ್ತಿದೆವು. ಅಮ್ಮ ಬರಿಗೈಯಲ್ಲಿ, ಎರಡೂ ಅಂಗೈ ಮೇಲಾಗಿ ಮಡಿಲಲ್ಲಿಟ್ಟುಕೊಂಡು, ಅವನಿಗೆ ಕಾಣುವ ಹಾಗೆ ಕೂತಳು.